ಮಡಿ ಜಾಗಕ್ಕೆ ನಾನು ಆರಿಸಿದ ಕೋಲು

ಹಾರೋಹಳ್ಳಿಯ ಮಾತ್ರೆ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಬೇಸಿಗೆಯಲ್ಲಿ ಹೊರದೇಶದ ತಪಾಸಣೆಯವರು ಬರುತ್ತಾರೆ, ಅವರು ಒಪ್ಪಿದರೆ ನಮ್ಮ ಮಾತ್ರೆ ಸಮುದ್ರ ದಾಟುತ್ತದೆ ಎಂದು ಎಲ್ಲರೂ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡುತ್ತಿದ್ದ ವರ್ಷ ಅದು. ನಾನು ಚನ್ನಪಟ್ಟಣದವಳು, ಬಿ.ಎಸ್ಸಿ. ಓದಿದವಳು. ವಾರವೆಲ್ಲ ಕನಕಪುರದ ಒಂದು ರೂಮಿನಲ್ಲಿದ್ದು ಶನಿವಾರ ಸಂಜೆ ಮನೆಗೆ ಹೋಗುತ್ತಿದ್ದೆ. ಕಾರ್ಖಾನೆಯ ಒಳಗಿನ ಶುಚಿ ನನ್ನ ಜವಾಬ್ದಾರಿ. ಗುಡಿಸಿ ಒರೆಸುವ ಹನ್ನೊಂದು ಜನ ಹೆಂಗಸರು ನನ್ನ ಕೈಕೆಳಗಿದ್ದರು. ಹೇಳಿಕೊಳ್ಳುವಂಥ ಹುದ್ದೆಯೇನಲ್ಲ, ಆದರೆ ನನ್ನ ಜಂಬಕ್ಕೆ ಅಷ್ಟು ಧಾರಾಳವಾಗಿ ಸಾಕಾಗಿತ್ತು.

ಆ ಹನ್ನೊಂದು ಜನರಲ್ಲಿ ಚಿಕ್ಕತಾಯಮ್ಮ ಒಬ್ಬರು. ನಾವೆಲ್ಲ ತಾಯಮ್ಮ ಎನ್ನುತ್ತಿದ್ದೆವು. ಮರಳವಾಡಿ ಹತ್ತಿರದ ಹಳ್ಳಿಯವರು, ಐವತ್ತರ ಆಸುಪಾಸು, ಗಂಡ ಇಲ್ಲ, ಒಬ್ಬಳೇ ಮಗಳು ಕನಕಪುರದಲ್ಲಿ ಪಿಯುಸಿ ಓದುತ್ತಿದ್ದಳು. ಮಾತ್ರೆ ತಯಾರಾಗುವ ಕೋಣೆಯ ನೆಲವನ್ನು ಅವರಿಗಲ್ಲದೆ ಬೇರೆ ಯಾರಿಗೂ ನಾನು ಒಪ್ಪಿಸುತ್ತಿರಲಿಲ್ಲ. ಅವರು ಒರೆಸಿದ ಮೇಲೆ ಮೂಲೆಯಲ್ಲಿ ಬೆರಳಾಡಿಸಿ ನೋಡುವ ನನ್ನ ಕೆಟ್ಟ ಅಭ್ಯಾಸವನ್ನು ಬಿಡಿಸಿದ್ದೇ ಅವರು. "ಯಾಕ್ ನಸೀಮಮ್ಮ, ನೆಲಕ್ಕೆ ಕಚ್ಗುಳಿ ಆಯ್ತದೆ ಬುಡಿ" ಎಂದು ಒಂದು ದಿನ ಎಲ್ಲರೆದುರು ನಕ್ಕುಬಿಟ್ಟಿದ್ದರು.

ಈ ಹೆಂಗಸರಿಗೆ ನಿಯಮಗಳನ್ನು ಕಲಿಸಬೇಕಾಗಿತ್ತು. ಪುಸ್ತಕವೆಲ್ಲ ಇಂಗ್ಲಿಷಿನಲ್ಲಿ. ಕಣ್ಣಿಗೆ ಕಾಣದ ಕ್ರಿಮಿ, ಗಾಳಿಯ ಒತ್ತಡ, ಆ ದರ್ಜೆಯ ಕೋಣೆ, ಈ ದರ್ಜೆಯ ಕೋಣೆ ಎಂದು ನಾನು ಅರ್ಧ ಗಂಟೆ ಕೊರೆದೆ. ಇಬ್ಬರು ಆಕಳಿಸಿದರು, ಒಬ್ಬರು ಬಸ್ಸಿನ ಹೊತ್ತು ಕೇಳಿದರು. ನನಗೆ ರೇಗಿತು. ಆಗ ಥಟ್ಟನೆ ಒಂದು ಮಾತು ಹೊಳೆಯಿತು. "ನೋಡ್ರಮ್ಮ, ಮಾತ್ರೆ ಮಾಡೋ ಕೋಣೆ ಅಂದ್ರೆ ಮಡಿ ಜಾಗ. ಅಷ್ಟು ತಿಳ್ಕೊಳ್ಳಿ ಸಾಕು" ಎಂದೆ.

ಎಲ್ಲರೂ ನೆಟ್ಟಗೆ ಕೂತರು. "ಅಂಗಂದ್ರೆ ದೇವ್ರ ಮನೆ ಇದ್ದಂಗೆ ಅನ್ನಿ" ಎಂದರು ತಾಯಮ್ಮ.

"ಹೌದು, ಹಾಗೇ ಅಂದ್ಕೊಳ್ಳಿ" ಎಂದೆ.

ಮಡಿ ಎಂಬುದು ನಮ್ಮ ಮನೆಯ ಮಾತಲ್ಲ. ಶಾಲೆಯ ಗೆಳತಿಯ ಮನೆಯಲ್ಲಿ ಅವಳ ಅಜ್ಜಿ ಮಡಿಯುಟ್ಟು ಓಡಾಡುವಾಗ ನಾವು ಹುಡುಗಿಯರು ಗೋಡೆಗೆ ಅಂಟಿ ನಿಲ್ಲಬೇಕಿತ್ತು. ಮಡಿ ಎಂದರೆ ಬಹಳ ಬಹಳ ಕ್ಲೀನು ಎಂದಷ್ಟೇ ನಾನು ಅರ್ಥ ಮಾಡಿಕೊಂಡಿದ್ದೆ. ಆ ಮಾತಿನ ಹಿಂದೆ ಇನ್ನೇನೇನಿದೆ ಎಂದು ಯಾರನ್ನೂ ಕೇಳಿರಲಿಲ್ಲ. ಅವತ್ತಿನಿಂದ ಹೆಂಗಸರು ಹೇಳಿಸಿಕೊಳ್ಳದೆ ಕೈ ತೊಳೆದರು, ಟೋಪಿ ಹಾಕಿದರು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಅದಾದ ಮೇಲೆ ಮಾಪ್ ಆರಿಸುವ ಕೆಲಸ ಬಂತು. ನಮ್ಮ ಮ್ಯಾನೇಜರ್ ಉತ್ತರದ ಕಡೆಯವರು, ಕನ್ನಡ ಬರುತ್ತಿರಲಿಲ್ಲ. ನನ್ನನ್ನು ಕರೆದು, ಶೌಚಾಲಯಕ್ಕೊಂದು, ಕಾರಿಡಾರಿಗೊಂದು, ಗೋಡೌನಿಗೊಂದು, ಮಾತ್ರೆ ಕೋಣೆಗೊಂದು ಬಣ್ಣದ ಮಾಪ್ ಇರಬೇಕು, ಒಂದರದ್ದು ಇನ್ನೊಂದು ಕಡೆ ಹೋಗಕೂಡದು, ಸರಿಯಾದದ್ದನ್ನು ನೀನೇ ಆರಿಸು ಎಂದರು. ಎಳೆ ಉದುರದ ಬಟ್ಟೆ ಸುಲಭವಾಗಿ ಸಿಕ್ಕಿತು. ತೊಂದರೆಯಾದದ್ದು ಕೋಲಿನಿಂದ. ಕೋಲು ನೀರು ಕುಡಿಯಬಾರದು, ಬಿರುಕು ಬಿಡಬಾರದು, ಸ್ಟೀಲಿನದಾದರೆ ಒಳ್ಳೆಯದು ಎಂದು ಪುಸ್ತಕ ಹೇಳುತ್ತಿತ್ತು. ಬೆಂಗಳೂರಿನಿಂದ ಸ್ಟೀಲ್ ಕೋಲು ತರಿಸಿ ನೋಡಿದೆ. ಅದಕ್ಕೆ ತುದಿಯಲ್ಲಿ ಬೆರಳುದ್ದದ ಒಂದು ಬಣ್ಣದ ಪ್ಲಾಸ್ಟಿಕ್ ಬಳೆ. ಒಂದು ವಾರದಲ್ಲಿ ಬಳೆ ಜಾರಿ ಬಿದ್ದುಹೋಯಿತು. ಜಯಮ್ಮ ಎಂಬಾಕೆ ಶೌಚಾಲಯದ ಮಾಪನ್ನು ಗೋಡೌನಿಗೆ ತಂದುಬಿಟ್ಟಳು. ಬೈದರೆ, "ಎಲ್ಲಾ ಒಂದೇ ತರ ಅವೆ, ನಾನೇನ್ ಕಣಿ ಕೇಳ್ಲಾ?" ಎಂದು ನನಗೇ ತಿರುಗಿ ಕೇಳಿದಳು. ಕೇಳಿದ್ದು ನ್ಯಾಯವೇ.

ನಮ್ಮ ತಂದೆ ಗೊಂಬೆ ಮಾಡುವವರು. ಆಲೆಮರದ ತುಂಡನ್ನು ಲೇತಿಗೆ ಕೂರಿಸಿ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಮೇಲೆ ಒಣಗಿದ ತಾಳೆಗರಿಯಿಂದ ತಿಕ್ಕಿದರೆ ಮುಖ ಕಾಣುವಷ್ಟು ಹೊಳಪು. ಆ ಶನಿವಾರ ಮನೆಗೆ ಹೋದಾಗ ಅಂಗಳದಲ್ಲಿ ಸಾಲಾಗಿಟ್ಟಿದ್ದ ಕೆಂಪು, ಹಳದಿ, ಹಸಿರು ಗಿಲಕಿಗಳನ್ನು ನೋಡಿದ್ದೇ ತಡ, ನನಗೆ ದಾರಿ ಸಿಕ್ಕಿಬಿಟ್ಟಿತು. ಕೋಲಿನ ಉದ್ದಕ್ಕೂ ಬಣ್ಣ! ಓದು ಬರದವರಿಗೂ ಹತ್ತು ಮಾರು ದೂರದಿಂದ ಗೊತ್ತಾಗುತ್ತದೆ. ಮರವೇ ನಿಜ, ಆದರೆ ಸುತ್ತ ಅರಗಿನ ಹೊದಿಕೆ ಇರುವಾಗ ನೀರು ಎಲ್ಲಿಂದ ಹೋಗಬೇಕು?

ಅಬ್ಬಾಗೆ ಹೇಳಿದಾಗ ಅವರು ಸ್ವಲ್ಪ ಹಿಂದೆ ಮುಂದೆ ನೋಡಿದರು. ಅಷ್ಟುದ್ದದ ಕೋಲು ಲೇತಿಗೆ ಕೂರುವುದಿಲ್ಲ, ಎರಡು ತುಂಡು ಮಾಡಿ ಬೆಸೆಯಬೇಕಾಗುತ್ತದೆ ಎಂದರು. ಮಗಳ ಕಾರ್ಖಾನೆಗೆ ಹೋಗುವ ಸಾಮಾನು ಎಂಬ ಹೆಮ್ಮೆ ಬೇರೆ. ಹದಿನೈದು ದಿನ ಕೂತು ಮಾಡಿಕೊಟ್ಟರು. ಮ್ಯಾನೇಜರಿಗೂ ಇಷ್ಟವಾಯಿತು, ಹೊರದೇಶದವರು ಮೆಚ್ಚಿಕೊಳ್ಳುತ್ತಾರೆ ಎಂದು ಸಹಿ ಹಾಕಿದರು. ಮಾತ್ರೆ ಕೋಣೆಗೆ ಹಳದಿ ಕೋಲು. ತಾಯಮ್ಮ ಅದನ್ನು ಕೈಗೆ ತೆಗೆದುಕೊಂಡು, "ಮದ್ವೆ ಮನೆ ಮಂಚದ್ ಕಾಲಿದ್ದಂಗೈತೆ, ಇದ್ರಲ್ ನೆಲ ಒರ್ಸಾದಾ!" ಎಂದರು.

ಒಂದೂವರೆ ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಆಮೇಲೆ ಹೊಸ ಆದೇಶ ಬಂತು. ಮಾತ್ರೆ ಕೋಣೆಯೊಳಗೆ ಹೋಗುವ ಪ್ರತಿಯೊಂದು ವಸ್ತುವನ್ನೂ ಬಾಗಿಲಲ್ಲೇ ಸ್ಪಿರಿಟ್ಟಿನಿಂದ ಒರೆಸಬೇಕು. ನಾನೇ ಅದನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ತಾಯಮ್ಮ ದಿನಕ್ಕೆ ಮೂರು ಸಲ ಆ ಹಳದಿ ಕೋಲನ್ನು ಮೇಲಿಂದ ಕೆಳಗಿನವರೆಗೆ ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸಿ ಒಳಗೆ ಹೋಗುತ್ತಿದ್ದರು.

ಮಾತ್ರೆ ಕೋಣೆಯಲ್ಲಿ ಆಗಾಗ ಗಾಜಿನ ಪುಟ್ಟ ತಟ್ಟೆಗಳನ್ನು ತೆರೆದಿಡುತ್ತಾರೆ. ತಟ್ಟೆಯೊಳಗೆ ಒಂದು ಬಗೆಯ ಲೋಳೆ ಇರುತ್ತದೆ. ಗಾಳಿಯಲ್ಲಿ ಕ್ರಿಮಿ ಇದ್ದರೆ ಅದರ ಮೇಲೆ ಬಿದ್ದು, ಬೆಚ್ಚಗಿಟ್ಟ ಕೆಲವು ದಿನಗಳಲ್ಲಿ ಬೆಳೆದು ಕಣ್ಣಿಗೆ ಕಾಣುತ್ತದೆ. ಒಂದು ಶುಕ್ರವಾರ ಪ್ರಯೋಗಾಲಯದ ಹುಡುಗಿ ತಟ್ಟೆಗಳನ್ನು ತಂದು ಮ್ಯಾನೇಜರ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಎಲ್ಲದರಲ್ಲೂ ಬೂಷ್ಟು. ಕಪ್ಪು, ಬೂದು, ಕೂದಲು ಕೂದಲಾಗಿ. ತಪಾಸಣೆಗೆ ಆರು ವಾರ ಉಳಿದಿತ್ತು. ಸೋಮವಾರ ಎಲ್ಲರನ್ನೂ ಕೂರಿಸಿ ವಿಚಾರಿಸುತ್ತೇನೆ, ಕಾರಣ ಸಿಗದಿದ್ದರೆ ಯಾರ ತಲೆ ಉರುಳುತ್ತದೋ ಗೊತ್ತಿಲ್ಲ ಎಂದರು ಮ್ಯಾನೇಜರ್. ಹಾಗೆನ್ನುವಾಗ ಅವರು ನೋಡಿದ್ದು ನನ್ನನ್ನೇ.

ಮಾರನೆಯ ದಿನ ನಾನು ಎಲ್ಲ ಸಾಮಾನುಗಳನ್ನೂ ಒಂದೊಂದಾಗಿ ಪರೀಕ್ಷಿಸಿದೆ. ಹಳದಿ ಕೋಲನ್ನು ಹಿಡಿದಾಗ ಕೈಗವಸು ಅಂಟಿಕೊಂಡಿತು. ಎಳೆದರೆ ಬಣ್ಣ ಜೊತೆಗೇ ಬಂತು. ಎರಡು ತುಂಡು ಬೆಸೆದ ಕಡೆ ಕೋಲು ಊದಿಕೊಂಡು ಸೀಳಿತ್ತು. ಕೋಲಿನ ಮೇಲಿನ ತುಂಡನ್ನು ಕಳಚಿ ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಸಂಜೆ ಚನ್ನಪಟ್ಟಣಕ್ಕೆ ಹೋದೆ.

ಅಬ್ಬಾ ಉಗುರಿನಿಂದ ಒಮ್ಮೆ ಗೀರಿದರು, ಮೂಸಿದರು. ನಮ್ಮ ಮನೆಮಾತು ಉರ್ದು. ಅವರು ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. "ಇದಕ್ಕೆ ಸ್ಪಿರಿಟ್ ಹಾಕಿದೆಯಾ ಮಗಳೇ?"

ಹೌದೆಂದೆ.

"ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಮರಕ್ಕೆ ಪಾಲಿಶ್ ಮಾಡುವವರು ಹಾಗೇ ತಾನೆ ಮಾಡುವುದು? ನೀನು ಹುಟ್ಟಿದ್ದು ಈ ಮನೆಯಲ್ಲೇ."

ನಾನು ಹುಟ್ಟಿದ್ದು ಆ ಮನೆಯಲ್ಲೇ. ಸೀಸೆಯಲ್ಲಿ ಅರಗು ನೆನೆಹಾಕಿ ಅಲುಗಿಸುವುದನ್ನು ಆಟವೆಂದುಕೊಂಡು ಬೆಳೆದವಳು. ಆದರೂ ಆ ಆದೇಶವನ್ನು ಗೋಡೆಗೆ ಅಂಟಿಸುವಾಗ ಒಂದು ಕ್ಷಣವೂ ನೆನಪಾಗಲಿಲ್ಲ. ಅಬ್ಬಾ ಕೋಲನ್ನು ಸೀಳಿ ತೋರಿಸಿದರು. ಒಳಗೆ ಮರ ತೇವ ಕುಡಿದು ಕಪ್ಪಗಾಗಿತ್ತು, ಬೂಷ್ಟು ಹಿಡಿದಿತ್ತು. "ಹೋಗಿ ಹೇಳಿಬಿಡು. ತಪ್ಪು ನಮ್ಮಿಬ್ಬರದು" ಎಂದರು. ಸರಿ ಎಂದೆ. ಭಾನುವಾರವಿಡೀ ಸೋಮವಾರ ಆಡಬೇಕಾದ ಮಾತುಗಳನ್ನು ಇಂಗ್ಲಿಷಿನಲ್ಲಿ ಮನಸ್ಸಿನೊಳಗೇ ಜೋಡಿಸಿಕೊಂಡೆ.

ಸೋಮವಾರ ಮ್ಯಾನೇಜರ ಕೋಣೆಯಲ್ಲಿ ಹೆಂಗಸರೆಲ್ಲ ಗೋಡೆ ಬದಿಗೆ ನಿಂತಿದ್ದರು. ನಾನು ಮೇಜಿನ ಪಕ್ಕದಲ್ಲಿ, ಅವರು ಹೇಳಿದ್ದನ್ನು ಇಂಗ್ಲಿಷಿಗೆ ಮಾಡಿ ಹೇಳುವ ಕೆಲಸಕ್ಕೆ. ಯಾರಾದರೂ ಕೈ ತೊಳೆಯದೆ ಹೋದಿರಾ, ಟೋಪಿ ಇಲ್ಲದೆ ಹೋದಿರಾ ಎಂದು ಮ್ಯಾನೇಜರ್ ಕೇಳಿಸಿದರು. ನಾನು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ತಾಯಮ್ಮ ಮುಂದೆ ಬಂದರು.

"ಸ್ವಾಮಿ, ಇದು ನನ್ನಿಂದ್ಲೇ ಆಗಿರಾದು. ನಮ್ ಭಾವ ತೀರ್ಕೊಂಡಿದ್ರು. ರಜ ಆಕುದ್ರೆ ಬ್ಯಾರೇರ್‌ನ ತಕ್ಕತರೆ ಅಂತ ಎದ್ರಿ ಮೂರೇ ದಿನಕ್ಕೆ ಕೆಲ್ಸಕ್ಕೆ ಬಂದ್ಬುಟ್ಟೆ. ತಿಥಿ ಆಗೋಗಂಟ ಬರ್ಬಾರ್ದಾಗಿತ್ತು. ಸೂತ್ಕ ಇಟ್ಕಂಡು ಮಡಿ ಜಾಗಕ್ ಕಾಲಿಟ್ಟೆ. ಮೈಲ್ಗೆ ಮಾಡ್ಬುಟ್ಟೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಸೂತಕ ಎಂದರೆ ಸಾವಾದ ಮನೆಯವರು ಕೆಲವು ದಿನ ಗುಡಿಗೆ ಹೋಗುವುದಿಲ್ಲ ಎಂಬಷ್ಟು ಗೊತ್ತಿತ್ತು. ಅದಕ್ಕೂ ಬೂಷ್ಟಿಗೂ ಏನು ಸಂಬಂಧ? ಆಮೇಲೆ ನನ್ನದೇ ಮಾತು ನೆನಪಾಯಿತು. ಅವರು ನನ್ನನ್ನು ನಂಬಿದ್ದರು. ನಾನು ಕ್ಲೀನು ಎನ್ನಲು ಬಳಸಿದ ಮಾತನ್ನು ಅವರು ಅದರ ಪೂರ್ತಿ ಅರ್ಥದಲ್ಲಿ ಎದೆಗೆ ಹಾಕಿಕೊಂಡಿದ್ದರು.

"ಏನು ಹೇಳುತ್ತಿದ್ದಾಳೆ?" ಎಂದರು ಮ್ಯಾನೇಜರ್.

ಆ ಗಳಿಗೆಯನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಇದು ಸಾವಿನ ಸೂತಕ ಸರ್, ಬೂಷ್ಟಿಗೆ ಕಾರಣ ನಾನು ತಂದ ಕೋಲು ಎನ್ನಬಹುದಿತ್ತು. ಭಾನುವಾರವೆಲ್ಲ ಜೋಡಿಸಿದ ಮಾತುಗಳು ನಾಲಿಗೆಯ ತುದಿಯಲ್ಲೇ ಇದ್ದವು. ನನ್ನ ಬಾಯಿಂದ ಬಂದದ್ದು, "ಶೀ ಎಂಟರ್ಡ್ ಅನ್‌ಕ್ಲೀನ್, ಸರ್."

ಮೈಲಿಗೆಗೆ ಅನ್‌ಕ್ಲೀನ್. ನಿಘಂಟು ತೆಗೆದು ನೋಡಿದರೆ ಸರಿಯಾಗಿಯೇ ಇದೆ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜೀವಮಾನದಲ್ಲಿ ಹೇಳಿಲ್ಲ.

ಮ್ಯಾನೇಜರಿಗೆ ಕಾರಣ ಸಿಕ್ಕಿದ ಸಮಾಧಾನ. ಕೊಳಕು ಮೈಯಲ್ಲಿ ಒಳಗೆ ಹೋದದ್ದಾಗಿ ಒಪ್ಪಿಕೊಂಡಿದ್ದಾಳೆ ಎಂದು ಬರೆಯಲು ಹೇಳಿದರು. ನಾನೇ ಬರೆದೆ. ತಾಯಮ್ಮ ಬಗ್ಗಿ, ನಿಧಾನವಾಗಿ, ಒತ್ತಕ್ಷರ ತಪ್ಪದ ಹಾಗೆ ತಮ್ಮ ಹೆಸರು ಬರೆದರು. ನಾಳೆಯಿಂದ ಇವಳನ್ನು ಕಳಿಸಬೇಡ ಎಂದು ಗುತ್ತಿಗೆದಾರನಿಗೆ ಫೋನು ಹೋಯಿತು. ಇಷ್ಟೆಲ್ಲ ಹತ್ತು ನಿಮಿಷದಲ್ಲಿ ಮುಗಿಯಿತು.

ಹೊರಗೆ ಬಂದು ಅವರು ಟೋಪಿ, ಗೌನು ಮಡಿಚಿ ನನ್ನ ಕೈಗೆ ಕೊಟ್ಟರು. "ನಿಮ್ಗೂ ಕೆಟ್ಟೆಸ್ರು ತಂದ್ಬುಟ್ಟೆ ನಸೀಮಮ್ಮ. ಮನ್ಸಿಗಾಕಬ್ಯಾಡಿ" ಎಂದರು. ನಾನು ತಲೆಯಾಡಿಸಿದೆ. ಬೇರೇನೂ ಮಾಡಲಿಲ್ಲ.

ಆ ವಾರವೇ ನಾನು ಮ್ಯಾನೇಜರ ಬಳಿ ಹೋಗಿ, ತಪಾಸಣೆಯವರು ಮರ ಕಂಡರೆ ತಕರಾರು ತೆಗೆಯಬಹುದು, ಸ್ಟೀಲಿಗೆ ಬದಲಾಯಿಸೋಣ ಎಂದೆ. ನನ್ನ ಮುಂದಾಲೋಚನೆಯನ್ನು ಮೆಚ್ಚಿಕೊಂಡರು. ಈ ಸಲ ಕೋಲಿಗೆ ಬಣ್ಣದ ಬಳೆ ಬಿಗಿಯಾಗಿ ಒತ್ತಿಸಿ ತರಿಸಿದೆ. ಅರಗಿನ ಕೋಲುಗಳನ್ನು ಬಾಯ್ಲರಿಗೆ ಹಾಕಿಸಿದೆ. ಮುಂದಿನ ತಟ್ಟೆಗಳೆಲ್ಲ ಶುಭ್ರವಾಗಿ ಬಂದವು. "ನೋಡಿದೆಯಾ, ಆ ಹೆಂಗಸು ಹೋದ ಮೇಲೆ ಎಲ್ಲ ಸರಿಹೋಯಿತು" ಎಂದರು ಮ್ಯಾನೇಜರ್. ತಪಾಸಣೆ ಪಾಸಾಯಿತು, ಎಲ್ಲರಿಗೂ ಸ್ವೀಟು ಹಂಚಿದರು. ಮನೆಗೆ ಹೋದಾಗ ಅಬ್ಬಾ, "ಹೇಳಿದೆಯಾ? ಏನೆಂದರು?" ಎಂದು ಕೇಳಿದರು. ಹೇಳಿದೆ, ಏನೂ ಅನ್ನಲಿಲ್ಲ ಎಂದೆ. "ದೊಡ್ಡ ಮನುಷ್ಯರು" ಎಂದರು ಅಬ್ಬಾ.

ಒಂದು ವರ್ಷ ಕಳೆಯಿತು. ಮ್ಯಾನೇಜರಿಗೆ ವರ್ಗವಾಗಿ ಬೇರೊಬ್ಬರು ಬಂದಿದ್ದರು. ಒಂದು ದಿನ ಊಟದ ಹೊತ್ತಿನಲ್ಲಿ ಜಯಮ್ಮ ನನ್ನ ಪಕ್ಕ ಕೂತು ತಾಯಮ್ಮನ ಸುದ್ದಿ ತೆಗೆದಳು. ಮಗಳ ಓದು ನಿಂತಿತಂತೆ. ತಾಯಿ ಮಗಳಿಬ್ಬರೂ ಕನಕಪುರದಲ್ಲಿ ರೇಷ್ಮೆ ನೂಲು ಬಿಚ್ಚುವ ಕಡೆ ಕೂಲಿಗೆ ಹೋಗುತ್ತಾರಂತೆ.

"ಅದ್ನಾದ್ರೂ ಬುಡಿ. ಊರಲ್ಲಿ ಯಾವ್ ಮಗೂಗ್ ಜರ ಬಂದ್ರೂ ಆವಮ್ಮ ವೋಗಿ ಬಾಗ್ಲಲ್ ನಿಂತ್ಕತದೆ. ಯಾವ್ ಮಾತ್ರೆ ಕೊಟ್ರಿ, ಎಲ್ಲಿಂದ ತಂದ್ರಿ, ಚೀಟಿ ತೋರ್ಸಿ ಅಂತದೆ. ತಾನ್ ಕೆಡಿಸಿದ್ ಮಾತ್ರೆ ಯಾರ್ ಮಕ್ಳ ವೊಟ್ಟೆಗ್ ವೋಯ್ತೋ ಅಂತ ಯೋಚ್ನೆ. ತಲೆ ಕೆಟ್ಟೈತೆ ಅಂತ ಜನ ಒಳೀಕ್ಕೇ ಸೇರ್ಸಕ್ಕಿಲ್ಲ" ಎಂದಳು.

ತಾಯಮ್ಮನ ಕೆಲಸ ಕಳೆದಿದ್ದೇನೆ ಎಂದು ಗೊತ್ತಿತ್ತು. ಇದನ್ನು ನಾನು ಊಹಿಸಿಯೂ ಇರಲಿಲ್ಲ. ಎದ್ದು ನೇರ ಹೊಸ ಮ್ಯಾನೇಜರ ಕೋಣೆಗೆ ಹೋಗಿ ಆದದ್ದನ್ನೆಲ್ಲ ಹೇಳಿದೆ. ಅವರು ಬೆಂಗಳೂರಿನವರು, ಕನ್ನಡದವರೇ. ತಾಳ್ಮೆಯಿಂದ ಕೇಳಿದರು. ಕೊನೆಗೆ, "ತಪಾಸಣೆಯವರಿಗೆ ತೋರಿಸಿ ಮುಚ್ಚಿದ ಫೈಲಮ್ಮ ಅದು. ಈಗ ಕಾರಣ ಬೇರೆ ಅಂದ್ರೆ ಎಲ್ಲರ ಕೆಲಸಕ್ಕೂ ಕುತ್ತು. ಸುಮ್ನೆ ಇದ್ಬಿಡಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ" ಎಂದರು. ತಾಯಮ್ಮನನ್ನು ಮತ್ತೆ ತೆಗೆದುಕೊಳ್ಳಿ ಎಂದೆ. ಆಗುವುದಿಲ್ಲ ಎಂದರು.

ಆ ಭಾನುವಾರ ಬರಿಗೈಯಲ್ಲೇ ಮರಳವಾಡಿಗೆ ಬಸ್ ಹತ್ತಿದೆ. ಇಳಿದು ಒಂದಷ್ಟು ದೂರ ನಡೆದು, ಕೇಳಿಕೊಂಡು ಹೋದೆ. ತಾಯಮ್ಮ ಮನೆ ಮುಂದೆ ಕೂತು ರಾಗಿ ಕೇರುತ್ತಿದ್ದರು. ನನ್ನನ್ನು ಕಂಡದ್ದೇ ಮೊರ ಕೆಳಗಿಟ್ಟು, "ಅಯ್ ನನ್ನವ್ವ, ನಸೀಮಮ್ಮ! ನಮ್ ಮನೆ ಗುರ್ತಾಯ್ತಾ?" ಎಂದು ಚಾಪೆ ಹಾಸಿದರು. ಬಿಸಿನೀರಿನಲ್ಲಿ ರೇಷ್ಮೆಗೂಡು ಆಡಿಸಿ ಆಡಿಸಿ ಅವರ ಬೆರಳುಗಳು ಬೆಳ್ಳಗೆ ಸುಲಿದುಹೋಗಿದ್ದವು. ನಾನು ನೀರೂ ಕುಡಿಯದೆ ಶುರು ಮಾಡಿದೆ. ಅರಗಿನ ಕೋಲು, ಸ್ಪಿರಿಟ್ಟು, ಅಬ್ಬಾ ಸೀಳಿ ತೋರಿಸಿದ್ದು, ನನಗೆ ಮೊದಲೇ ಗೊತ್ತಿದ್ದೂ ಬಾಯಿ ಬಿಡದೆ ನಿಂತದ್ದು. ಒಂದನ್ನೂ ಮುಚ್ಚಿಡಲಿಲ್ಲ. ನಿಮ್ಮ ತಪ್ಪು ಏನೇನೂ ಇಲ್ಲ ತಾಯಮ್ಮ, ಎಲ್ಲ ನನ್ನದೇ ಎಂದು ಅಳುತ್ತ ಹೇಳಿದೆ.

ಅವರು ಕೊನೆವರೆಗೂ ಕೇಳಿದರು. ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿ, "ನನ್ ಸಮಾಧಾನಕ್ಕೆ ಇಷ್ಟ್ ದೂರ ಬಂದು ತಪ್ಪೆಲ್ಲ ನಿಮ್ ಮ್ಯಾಲೆ ಆಕ್ಕತಿದ್ದೀರಲ್ಲ. ಒಳ್ಳೇವ್ರು ಕಣವ್ವ ನೀವು" ಎಂದರು.

"ಇಲ್ಲ ತಾಯಮ್ಮ, ದೇವರಾಣೆ ನಿಜ."

"ನಿಮ್ ಜನ್ದಲ್ಲಿ ಈ ಸೂತ್ಕ ಗೀತ್ಕ ಇಲ್ಲ, ನಿಮ್ಗ್ ಗೊತ್ತಾಗಕ್ಕಿಲ್ಲ. ಕೋಲ್ನಿಂದ ಅಂಗೆಲ್ಲಾದ್ರೂ ಆದಾತಾ? ಬುಡಿ."

ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, "ಒಂದ್ ಮಾತ್ ಕೇಳ್ತೀನಿ, ಸುಳ್ ಯೋಳ್ಬ್ಯಾಡಿ. ಆವತ್ನ ಮಾತ್ರೆಗ್ಳು ಯಾವ್ ಊರ್ಗ್ ವೋದ್ವು?"

ಎಲ್ಲಿಗೂ ಹೋಗಿರಲಿಲ್ಲ. ತಟ್ಟೆಯಲ್ಲಿ ಬೂಷ್ಟು ಕಂಡರೆ ಆ ದಿನಗಳ ಮಾತ್ರೆಯನ್ನು ಗೇಟಿನಾಚೆ ಬಿಡುವುದೇ ಇಲ್ಲ. ಒಂದೂ ಉಳಿಯದ ಹಾಗೆ ಸುಟ್ಟಿದ್ದರು. ಕಾರ್ಖಾನೆಯಲ್ಲಿ ಇದು ಎಲ್ಲರಿಗೂ ಗೊತ್ತು. ತಾಯಮ್ಮನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವರು ಗೌನು ಕೊಟ್ಟು ಹೊರಟಾಗ ನಾನು ಹೇಳಬಹುದಾಗಿತ್ತು, ಒಂದೇ ಒಂದು ಮಾತು.

ಹೇಳಿದೆ. "ಸುಟ್ಟಾಕುದ್ರಾ? ಒಂದೂ ವೋಗ್ನಿಲ್ವಾ?" ಎಂದು ಎರಡು ಸಲ ಕೇಳಿದರು. ಒಂದೂ ಹೋಗಲಿಲ್ಲ ಎಂದೆ. ಅದನ್ನು ನಂಬಿದರು. ಕೂತಲ್ಲೇ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಒಳಗಿಂದ ಮಗಳು ಬಂದು ನನ್ನನ್ನು ಒಮ್ಮೆ ನೋಡಿ, ತಾಯಿಯ ಬೆನ್ನು ನೀವುತ್ತ ನಿಂತಳು.

ನಾನು ಹೊರಟಾಗ ತಾಯಮ್ಮ ಬಸ್ಸಿನವರೆಗೂ ಬಂದರು. ಬಸ್ ಹತ್ತುವ ಮುನ್ನ ಆ ಸುಲಿದ ಕೈಗಳನ್ನು ಜೋಡಿಸಿ, "ನನ್ ಜೀವ ಉಳ್ಸುದ್ರಿ ತಾಯಿ" ಎಂದು ನನಗೆ ಮುಗಿದರು. ಕಂಡಕ್ಟರ್ ಸೀಟಿ ಊದಿದ.

ನಾನು ಈಗ ಆ ಕಾರ್ಖಾನೆಯಲ್ಲಿಲ್ಲ. ಬೇರೆ ಕಡೆ ಇದೇ ಕೆಲಸ ಮಾಡುತ್ತೇನೆ, ಹೊಸಬರಿಗೆ ಕಲಿಸುತ್ತೇನೆ, ಆಕಳಿಸಿದರೆ ಆಕಳಿಸಲಿ ಎಂದು ಉದ್ದುದ್ದ ವಿವರಿಸಿ ಹೇಳುತ್ತೇನೆ. ತಪ್ಪು ಕೋಲು ಆರಿಸಿದ್ದಕ್ಕೆ ನನ್ನನ್ನು ನಾನು ಎಂದೋ ಕ್ಷಮಿಸಿಕೊಂಡೆ, ಅಂಥ ತಪ್ಪು ಯಾರಿಂದಲಾದರೂ ಆಗುತ್ತದೆ. ಆದರೆ ಯಾರಾದರೂ ನನಗೆ ಥ್ಯಾಂಕ್ಸ್ ಹೇಳಿದಾಗ ಇವತ್ತಿಗೂ ಮೈ ಹಿಡಿಯಾಗುತ್ತದೆ. ತಾಯಮ್ಮ ಅವತ್ತು ಬೈದು ಓಡಿಸಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಅವರು ಕೈ ಮುಗಿದುಬಿಟ್ಟರು.